ಹೊಲಿಗೆ ಡ್ರಾಯರಿನಲ್ಲಿದ್ದ ಹಾಡು

"ನೋಡಿ ಡೀನಾ, ಪವರ್ ಪಾಪ್ ಅಂದ್ರೆ ಏನು ಅಂತ ನನ್ನನ್ನ ಕೇಳಬೇಡಿ, ಆ ಹೆಸರಿಟ್ಟೋರು ನಾವಲ್ಲ. ನಾವು ಮಾಡಿದ್ದು ಇಷ್ಟೇ. ಹುಡುಗಿ ಒಲ್ಲೆ ಅಂದಿರ್ತಾಳೆ, ಗಂಟಲಲ್ಲಿ ಅಳು ನಿಂತಿರುತ್ತೆ, ಆದ್ರೆ ಗಿಟಾರು ಮಾತ್ರ ಅವಳು ಹೂಂ ಅಂದಳೇನೋ ಅನ್ನೋ ಹಾಗೆ ಬಾರಿಸಬೇಕು. ಮೂರು ನಿಮಿಷ ದಾಟಬಾರದು. ಅದಕ್ಕಿಂತ ಹೆಚ್ಚು ಹೊತ್ತು ದುಃಖ ಹೇಳ್ಕೊಂಡ್ರೆ ನಮ್ಮೂರ ಜನ ಎದ್ದು ಬಿಯರ್ ತರೋಕೆ ಹೋಗ್ತಾರೆ. ನಮ್ಮಪ್ಪ ಮದುವೆ ಮನೆಗಳಲ್ಲಿ ಪೋಲ್ಕಾ ಬಾರಿಸ್ತಿದ್ದ, ಅಕಾರ್ಡಿಯನ್. ಕುಣಿಯೋರ ಕಾಲು ನೋಡ್ಕೊಂಡು ಬಾರಿಸೋ, ನಿನ್ನ ಕೈ ಎಲ್ಲೂ ಓಡಿಹೋಗಲ್ಲ ಅಂತಿದ್ದ. ನಾನು ಕಲಿತಿದ್ದು ಅದೊಂದೇ ಪಾಠ. ಮತ್ತೆ ಎರಡು ದನಿ ಬೇಕು. ಒಂದೇ ದನಿ ಆದ್ರೆ ಯಾರೋ ಒಬ್ಬ ಗೊಣಗ್ತಿದ್ದಾನೆ ಅನ್ಸುತ್ತೆ, ಎರಡು ಸೇರಿದ್ರೆ ಅದು ಹಾಡು. ಅದೂ ಒಂದೇ ಮೈಕಿಗೆ ಇಬ್ಬರೂ ಮುಖ ಕೊಟ್ಟು ಹಾಡಬೇಕು, ಕೆನ್ನೆಗೆ ಕೆನ್ನೆ ತಾಗೋ ಹಾಗೆ. ಬೇರೆ ಬೇರೆ ಹಾಡಿ ಆಮೇಲೆ ಸೇರಿಸ್ತಾರಲ್ಲ, ಅದು ಬೇರೆ ಬೇರೆ ಬೇಯಿಸಿ ತಟ್ಟೇಲಿ ಕಲಸಿದ ಹಾಗೆ. ನನ್ನ ಹಾಡುಗಳಲ್ಲಿ ಒಳ್ಳೇದು ಯಾವುದು ಅಂದ್ರಿ. ಒಳ್ಳೇದು ನೀರಲ್ಲಿ ಹೋಯ್ತು. ಎಂಬತ್ತರಲ್ಲಿ ನಮ್ಮ ನೆಲಮಾಳಿಗೆಗೆ ನೀರು ನುಗ್ಗಿತು, ಟೇಪಿನ ಡಬ್ಬ ಒದ್ದೆಯಾಯ್ತು, ಎಸೆದ್ವಿ. ಅದರಲ್ಲಿ ಮಾರ್ಲಿಸ್ ಹಾಡಿದ್ಲು. ಇರಲಿ ಬಿಡಿ. ಆರ್ಡಿಸ್, ಇವರಿಗೆ ಇನ್ನೊಂದು ಚೂರು ಕಾಫಿ ಹಾಕೇ."

ರೋಲಿ ಸ್ಲಾಡೆಕ್ ಈ ಮಾತು ಆಡಿದಾಗ ಆರ್ಡಿಸ್ ಅವನ ಬೆನ್ನ ಹಿಂದೆಯೇ ಒಲೆಯ ಬಳಿ ನಿಂತಿದ್ದಳು. ರೇಡಿಯೋದ ಡೀನಾ ಅಡುಗೆಮನೆಯ ಮೇಜಿನ ಮೇಲೆ ಪುಟ್ಟ ಯಂತ್ರವಿಟ್ಟು ಅವನನ್ನು ಮಾತಾಡಿಸಿದ್ದು ಎಂಟು ವರ್ಷದ ಹಿಂದೆ. ರೋಲಿ ಹೋದ ಅಕ್ಟೋಬರಿನಲ್ಲಿ ತೀರಿಕೊಂಡ. ಈಗ ಮಾರ್ಚಿನಲ್ಲಿ ಅದೇ ಮಾತು ರೇಡಿಯೋದಲ್ಲಿ ಬಂತು. ಸತ್ತ ಗಂಡ ಪೆಟ್ಟಿಗೆಯೊಳಗಿಂದ ಕಾಫಿ ಹಾಕು ಎಂದಾಗ ಆರ್ಡಿಸ್‌ಳ ಕೈ ತಾನಾಗಿ ಕೆಟಲಿನ ಕಡೆಗೆ ಹೋಯಿತು. ಅಷ್ಟರಲ್ಲಿ ಅದಕ್ಕೂ ಮೊದಲಿನ ಮಾತು ನೆನಪಾಯಿತು, ಕೈ ಹಿಂದಕ್ಕೆ ಬಂತು. ಅದರಲ್ಲಿ ಮಾರ್ಲಿಸ್ ಹಾಡಿದ್ಲು. ಆ ಮೂರು ಪದ ಹೇಳುವಾಗ ಅವನ ದನಿ ಹೇಗೆ ತಗ್ಗಿತ್ತೆಂದು ಎಂಟು ವರ್ಷದ ಹಿಂದೆಯೇ ಅವಳು ಗುರುತು ಮಾಡಿಕೊಂಡಿದ್ದಳು. ಈಗ ಇಡೀ ವಿಸ್ಕಾನ್ಸಿನ್ ರಾಜ್ಯಕ್ಕೇ ಕೇಳಿಸಿತು.

ಸವತಿ ಮಣ್ಣಿನವಳಾದರೂ ಸವತಿಯೇ ಎನ್ನುತ್ತಾರೆ. ಆರ್ಡಿಸ್‌ಳ ಸವತಿಗೆ ಮಣ್ಣೂ ಇರಲಿಲ್ಲ, ಬರೀ ದನಿ.

ರೋಲಿ ದೊಡ್ಡ ಮನುಷ್ಯನೇನಲ್ಲ. ಮ್ಯಾನಿಟೊವಾಕ್ ಊರಿನ ಕೆರೆದಂಡೆಯ ಕಡೆ, ಸಮುದ್ರದಂಥ ಆ ಕೆರೆಯ ಮಂಜು ಕಿಟಕಿಗೆ ಬಂದು ಕೂರುವ ಓಣಿಯಲ್ಲಿ ಹುಟ್ಟಿದ. ಹದಿನೆಂಟಕ್ಕೆ ಅಲ್ಯುಮಿನಿಯಂ ಪಾತ್ರೆಯ ಕಾರ್ಖಾನೆ ಸೇರಿದ. ಮೂವತ್ತೊಂದು ವರ್ಷ ಬಾಣಲೆಗೆ ಹೊಳಪು ಕೊಟ್ಟ. ಸಂಜೆ ಮನೆಗೆ ಬಂದಾಗ ಮೂಗಿನ ಹೊಳ್ಳೆಯಲ್ಲಿ ಬೂದು ಪುಡಿ ಇರುತ್ತಿತ್ತು, ಸೀನಿದರೆ ಕರವಸ್ತ್ರ ಮಿನುಗುತ್ತಿತ್ತು. ಕೈ ತೊಳೆದು ಗಿಟಾರು ಹಿಡಿಯುವನು. ನಾಲ್ವರು ಹುಡುಗರೂ ಮಾರ್ಲಿಸ್ ಎಂಬ ಒಬ್ಬಳು ಹುಡುಗಿಯೂ ಸೇರಿ 'ಪೋರ್ಚ್‌ಲೈಟ್ಸ್' ಎಂದು ಹೆಸರಿಟ್ಟುಕೊಂಡು ಆರು ವರ್ಷ ಬಾರಿಸಿದರು. ಮಿಲ್ವಾಕಿಯಿಂದ ಗ್ರೀನ್ ಬೇವರೆಗೆ ಅವರನ್ನು ತಿಳಿಯದ ಹೋಟೆಲಿಲ್ಲ, ಅದರಾಚೆಗೆ ತಿಳಿದ ಒಂದು ನಾಯಿಯೂ ಇಲ್ಲ.

ಮೂರು ಚಿಕ್ಕ ಗ್ರಾಮಫೋನ್ ತಟ್ಟೆ ಬಂದವು, ಒಂದು ದೊಡ್ಡದು. 'ನಿನ್ನ ಅಕ್ಕನ ಕಾರು' ಮೊದಲನೆಯದು. ಅದನ್ನು ಆರ್ಡಿಸ್ ಇಷ್ಟಪಡುತ್ತಿದ್ದಳು, ಏಕೆಂದರೆ ಅವಳ ಅಕ್ಕನ ಬಳಿ ನಿಜಕ್ಕೂ ಕಾರಿತ್ತು, ಅದರ ಹಿಂದಿನ ಸೀಟಿನಲ್ಲಿ ರೋಲಿ ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. 'ಹಿಮದ ಬೂಟು' ಹಾಡಿನ ಆರಂಭದಲ್ಲಿ ಗಿಟಾರು ಕೇಳಿದರೆ ಸೂರಿನಿಂದ ಮಂಜುಗಡ್ಡೆ ಕಳಚಿ ಬಿದ್ದಂತೆ ಇರುತ್ತದೆ. 'ಇನ್ನೊಂದು ಡೈಮ್' ಬೇಸಿಗೆಯೊಂದರಲ್ಲಿ ಡೈಮ್ ನಾಣ್ಯ ಹಾಕಿದರೆ ಹಾಡುವ ಊರಿನ ಎಲ್ಲ ಪೆಟ್ಟಿಗೆಗಳಲ್ಲೂ ಸವೆದುಹೋಯಿತು. ಇವೆಲ್ಲದರಲ್ಲೂ ಮಾರ್ಲಿಸ್ ಹಿಂದೆ ನಿಂತು ಊ ಎಂದೋ ಆ ಎಂದೋ ಅಂದಿದ್ದಳು, ಅಷ್ಟೇ. ಅಷ್ಟನ್ನು ಆರ್ಡಿಸ್ ಸಹಿಸಿದಳು.

ಸಹಿಸಲಾಗದ್ದು 'ಎರಡನೇ ಮಹಡಿ'. ಬೀದಿಯಲ್ಲಿ ನಿಂತವನೊಬ್ಬ ಎರಡನೇ ಮಹಡಿಯ ಕಿಟಕಿ ನೋಡುತ್ತ, ಹತ್ತಿ ಹೋಗಲೋ ಬೇಡವೋ ಎಂದು ಮೆಟ್ಟಿಲು ಲೆಕ್ಕ ಹಾಕುವ ಹಾಡು. ಮಾರ್ಲಿಸ್ ಆಗ ಬೇಕರಿಯ ಮೇಲೆ ಬಾಡಿಗೆಗಿದ್ದಳು. ನೆಲದ ಅಂತಸ್ತನ್ನೂ ಎಣಿಸುವ ಅಲ್ಲಿನ ಲೆಕ್ಕದಲ್ಲಿ ಬೇಕರಿಯ ಮೇಲಿನದು ಎರಡನೇ ಮಹಡಿ. ಆರ್ಡಿಸ್ ಇದ್ದದ್ದು ಒಂದೇ ಅಂತಸ್ತಿನ ಮನೆಯಲ್ಲಿ.

ಆ ಹಾಡು ಮುದ್ರಿಸಿದ್ದು ಎಪ್ಪತ್ತೊಂಬತ್ತರ ನವೆಂಬರಿನಲ್ಲಿ, ಸೋಮವಾರ ಖಾಲಿ ಬೀಳುವ ಕುಣಿತದ ಸಭಾಂಗಣದಲ್ಲಿ. ಚಪ್ಪಾಳೆಗೆ ಜನ ಬೇಕೆಂದು ಆರ್ಡಿಸ್‌ಳನ್ನೂ ಕರೆದಿದ್ದರು. ಅವಳು ಹೊಸ ಸ್ವೆಟರ್ ಹಾಕಿಕೊಂಡು ಹೋದಳು. ಐದು ಸಲ ಬಾರಿಸಿದರು, ಐದು ಸಲವೂ ನಿಲ್ಲಿಸಿದರು.

"ಯಾರೋ ಹಿಂದೆ ಬೀಳ್ತಿದ್ದಾರೆ," ಎಂದಳು ಮಾರ್ಲಿಸ್. ಮತ್ತೆ ಬಾರಿಸಿದರು. "ಆರ್ಡಿಸ್ ಕಣೋ. ಕೈ ಬರೋ ಹೊತ್ತಿಗೆ ತಾಳ ಮನೆಗೆ ಹೋಗಿರುತ್ತೆ."

ಎಲ್ಲರೂ ನಕ್ಕರು. ರೋಲಿಯೂ ನಕ್ಕ. ಆಮೇಲೆ, "ಆರ್ಡಿಸ್, ಹೋಗಿ ಹ್ಯಾಮ್ ರೋಲ್ ತಗೊಂಡು ಬರ್ತೀಯಾ, ಎಲ್ಲರಿಗೂ ಹಸಿವಾಗಿದೆ," ಎಂದ. ಮೃದುವಾಗಿಯೇ ಹೇಳಿದ. ಅವಳು ತಿಂಡಿಯ ಪೊಟ್ಟಣ ಹಿಡಿದು ಹಿಂದಿರುಗಿ ಹೊರಬಾಗಿಲು ತೆರೆದಾಗ ಮುದ್ರಣ ನಡೆದಿತ್ತು. ಮುಚ್ಚಿದ ಒಳಬಾಗಿಲಿನ ಗಾಜಿನಾಚೆ ರೋಲಿಯೂ ಮಾರ್ಲಿಸ್‌ಳೂ ಒಂದೇ ಮೈಕಿಗೆ ಮುಖ ಕೊಟ್ಟಿದ್ದರು. ಅವಳ ಕೂದಲು ಅವನ ಕಿವಿಯ ಮೇಲಿತ್ತು. ದನಿ ಕೇಳಿಸಲಿಲ್ಲ, ಇಬ್ಬರ ಬಾಯಿ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುವುದು ಕಂಡಿತು. ಪೊಟ್ಟಣ ಬೆಚ್ಚಗಿತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಾಡು ಮುಗಿಯುವ ತನಕ ಎದೆಗವಚಿಕೊಂಡು ನಿಂತಳು.

ಒಂದು ವಾರದ ಮೇಲೆ ಆ ಟೇಪಿನ ಡಬ್ಬ ನೆಲಮಾಳಿಗೆಯಿಂದ ಅವಳ ಹೊಲಿಗೆ ಯಂತ್ರದ ಡ್ರಾಯರಿಗೆ ಬಂತು. ಬಿಸಾಡುವ ಯೋಚನೆ ಇರಲಿಲ್ಲ. ಒಂದು ಸಲ ಒಬ್ಬಳೇ ಕೇಳಬೇಕು, ಆ ಬಾಯಿಗಳು ಏನು ಹೇಳುತ್ತಿದ್ದವೆಂದು ತಿಳಿಯಬೇಕು, ಆಮೇಲೆ ಇದ್ದಲ್ಲಿ ಇಡಬೇಕು. ನಾಲ್ಕು ದಿನ ಧೈರ್ಯ ಬರಲಿಲ್ಲ. ಐದನೆಯ ದಿನ ರೋಲಿ ಕಾರ್ಖಾನೆಗೆ ಹೋದ ಮೇಲೆ ಸುರುಳಿಯನ್ನು ಅವನ ಯಂತ್ರಕ್ಕೆ ಏರಿಸಿ ಗುಂಡಿ ಒತ್ತಿದಳು. ಹಾಡು ಬರಲಿಲ್ಲ. ನಾಯಿ ನೀರು ನೆಕ್ಕುವ ಸದ್ದು, ಯಾರೋ ಮಾತನ್ನು ಒಳಕ್ಕೆಳೆದು ನುಂಗಿದಂಥ ಸದ್ದು. ಡ್ರಾಯರು ಎಳೆದು ನೋಡಿದಳು. ಡ್ರಾಯರಿನಲ್ಲಿ ಡಬ್ಬದ ಕೆಳಗೇ ಅವಳ ಸೂಜಿ ಎತ್ತುವ ಅಯಸ್ಕಾಂತವಿತ್ತು, ಕುದುರೆ ಲಾಳದಂಥದ್ದು. ಟೇಪಿನ ಹತ್ತಿರ ಅಯಸ್ಕಾಂತ ತರಬೇಡ, ಹಾಡು ಅಳಿಸಿಹೋಗುತ್ತದೆ ಎಂದು ರೋಲಿ ನೂರು ಸಲ ಹೇಳಿದ್ದ.

ಕದ್ದದ್ದಾದರೆ ಇದ್ದಲ್ಲೇ ಇಡಬಹುದು, ಕೆಡಿಸಿದ್ದನ್ನು ಹೇಗೆ ಇಡುವುದು. ಚಳಿಗಾಲವಿಡೀ ಯಾರೂ ಕೇಳಲಿಲ್ಲ. ಮರುವರ್ಷ ಏಪ್ರಿಲಿನಲ್ಲಿ ಷಿಕಾಗೋದ ಕಂಪನಿಯವನೊಬ್ಬ, ಇಬ್ಬರೂ ಹಾಡಿದ ಆ ಹಾಡು ಕಳಿಸಿ, ಅದು ಚೆನ್ನಾಗಿದ್ದರೆ ನಿಮ್ಮನ್ನು ದೊಡ್ಡದಾಗಿ ತರುತ್ತೇನೆ ಎಂದು ಕಾಗದ ಬರೆದ. ಆ ವಾರವೇ ಹಿಮ ಕರಗಿ ನೆಲಮಾಳಿಗೆಗೆ ನೀರು ಬಂದಿತ್ತು, ಪಾದ ಮುಳುಗುವಷ್ಟು. ರೋಲಿ ಡಬ್ಬ ಹುಡುಕಿದಾಗ, "ನೆಂದು ಹೋಗಿತ್ತು, ಎಸೆದುಬಿಟ್ಟೆ ಕಣೋ," ಎಂದಳು ಆರ್ಡಿಸ್. ಅವನು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಬೂಟು ಬಿಚ್ಚಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಮಾರ್ಲಿಸ್ ಅಷ್ಟರಲ್ಲಿ ಗ್ರೀನ್ ಬೇಗೆ ಹೋಗಿ ಶಾಲೆಯ ಬಸ್ಸು ಓಡಿಸಲು ಸೇರಿದ್ದಳು. ರೋಲಿ ತನ್ನ ದನಿಯನ್ನೇ ಎರಡು ಸಲ ಹಾಡಿ, ಒಂದರ ಮೇಲೊಂದು ಕೂರಿಸಿ ಕಳಿಸಿದ. ಷಿಕಾಗೋದಿಂದ ಮತ್ತೆ ಕಾಗದ ಬರಲಿಲ್ಲ.

ರೇಡಿಯೋದಲ್ಲಿ ಅವನ ಮಾತು ಬಂದ ಮರುವಾರ ಡೀನಾ ಫೋನು ಮಾಡಿದಳು. ರೋಲಿಯ ಹನ್ನೆರಡು ಒಳ್ಳೆಯ ಹಾಡು ಆರಿಸಿ ಹೊಸ ತಟ್ಟೆ ತರುತ್ತಾರಂತೆ, ಮನೆಯಲ್ಲಿರುವ ಹಳೆಯ ಟೇಪುಗಳನ್ನು ನೋಡಬೇಕಂತೆ. "ಶುಕ್ರವಾರ ಬನ್ನಿ, ಊಟಕ್ಕಿರಿ," ಎಂದಳು ಆರ್ಡಿಸ್. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರ, ಮಾಂಸವಿಲ್ಲ. ಕೆರೆಯ ಪರ್ಚ್ ಮೀನು ಕರಿಯುವುದು, ಆಲೂಗೆಡ್ಡೆ ತುರಿದು ದೋಸೆ ಹುಯ್ಯುವುದು. ಬೆಳಿಗ್ಗೆಯೇ ಐದು ಪೌಂಡು ಆಲೂಗೆಡ್ಡೆ ತೊಳೆದಿಟ್ಟಳು.

ಹತ್ತು ಗಂಟೆಗೆ ಕಾರು ಬಂತು. ಡೀನಾ ಇಳಿದು ಹಿಂದಿನ ಸೀಟಿನಿಂದ ಭಾರದ ಟೇಪು ಯಂತ್ರ ಎತ್ತಿಕೊಂಡಳು. ಇನ್ನೊಂದು ಬಾಗಿಲಿನಿಂದ ದಪ್ಪನೆಯ, ಬಿಳಿ ಕೂದಲಿನ, ಮೊಣಕಾಲು ನೋವಿರುವ ಹೆಂಗಸೊಬ್ಬಳು ಇಳಿದಳು. ನಡಿಗೆಯಿಂದ ಯಾರೆಂದು ಗುರುತಾಗಲಿಲ್ಲ. ಬಾಯಿ ತೆರೆದ ಮೇಲೆ ಅನುಮಾನ ಉಳಿಯಲಿಲ್ಲ.

"ಏನೇ ಆರ್ಡಿಸ್, ನಿಮ್ಮನೆ ಮೆಟ್ಟಿಲಿಗೆ ಇನ್ನೂ ಹಿಡ್ಕೊಳ್ಳೋ ಕಂಬಿ ಹಾಕಿಸಿಲ್ವಾ?"

"ನಿನ್ನಷ್ಟು ವಯಸ್ಸಾದೋರು ಯಾರೂ ಬರ್ತಿರಲಿಲ್ಲ, ಮಾರ್ಲಿಸ್."

"ನನಗಿಂತ ನೀನು ಒಂದು ವರ್ಷ ದೊಡ್ಡೋಳು ಕಣೇ."

"ಅದಕ್ಕೇ ನಾನು ಹತ್ತಲ್ಲ, ಮನೇಲೇ ಇರ್ತೀನಿ."

ಆರ್ಡಿಸ್ ಅವಳ ಕೋಟು ತೆಗೆದುಕೊಂಡು ಗೂಟಕ್ಕೆ ಹಾಕಿದಳು. ರೋಲಿಯ ಕೋಟಿನ ಪಕ್ಕದ ಗೂಟ ಖಾಲಿಯಿತ್ತು. ಅದಕ್ಕೆ ಹಾಕದೆ ಬಾಗಿಲ ಹಿಂದಿನ ಮೊಳೆಗೆ ಹಾಕಿದಳು.

ಕಾಫಿ ಕುಡಿಯುತ್ತ ಡೀನಾ ಪಟ್ಟಿ ಓದಿದಳು. ಹನ್ನೊಂದು ಹಾಡು ಸರಿಯಾಗಿದ್ದವು. ಹನ್ನೆರಡನೆಯದು 'ಎರಡನೇ ಮಹಡಿ', ರೋಲಿ ಒಬ್ಬನೇ ಹಾಡಿದ್ದು.

"ಅದು ಸ್ವಲ್ಪ ಬಡಕಲು ಅನ್ಸುತ್ತೆ," ಎಂದಳು ಡೀನಾ. "ಅದಕ್ಕೇ ನಂಗೊಂದು ಯೋಚನೆ ಬಂತು, ನೀವು ಒಪ್ಪಿದ್ರೆ. ಮಾರ್ಲಿಸ್‌ಗೆ ತಮ್ಮ ಭಾಗ ಇನ್ನೂ ನೆನಪಿದೆಯಂತೆ. ರೋಲಿ ಅವರ ಆ ದನಿ ಜೊತೆಗೆ ಇವರು ಈಗ ಹಾಡಿದ್ರೆ ಸೇರಿಸಬಹುದು. ನಲವತ್ತು ವರ್ಷದ ಮೇಲೆ ಮತ್ತೆ ಇಬ್ಬರೂ ಒಟ್ಟಿಗೆ."

ಆರ್ಡಿಸ್ ಕಪ್ಪು ಕೆಳಗಿಟ್ಟಳು. ಹೊಟ್ಟೆಯಲ್ಲಿ ಆರಿತೆಂದು ತಿಳಿದಿದ್ದ ಕೆಂಡಕ್ಕೆ ಯಾರೋ ಊದುಗೊಳವೆ ಹಿಡಿದಂತಾಯಿತು. ಬದುಕಿದ್ದಾಗ ಹಾಡಿದ್ದು ಸಾಲದೆಂದು ಸತ್ತವನ ಜೊತೆಗೂ ಹಾಡಲು ಬಂದಿದ್ದಾಳೆ. ತಾನು ಆರು ತಿಂಗಳು ಆಸ್ಪತ್ರೆಗೆ ಓಡಾಡಿದ್ದು, ತುತ್ತು ತಿನ್ನಿಸಿದ್ದು, ಗುಂಡಿಗೆ ಮಣ್ಣು ಹಾಕಿದ್ದು. ಈಗ ಅವನ ದನಿಯ ಪಕ್ಕ ಹೋಗಿ ಕೂರುವವಳು ಇವಳು.

"ನೀನಿನ್ನೂ ಹಾಡ್ತೀಯಾ?" ಎಂದಳು.

"ಬಸ್ಸಲ್ಲಿ ಮೂವತ್ತು ವರ್ಷ ಮಕ್ಕಳ ಮೇಲೆ ಕೂಗಿದೀನಿ. ದನಿ ಗಟ್ಟಿಯಾಗಿದೆ," ಎಂದಳು ಮಾರ್ಲಿಸ್. ಕೇಳುವ ಮೊದಲೇ ಮೆಲ್ಲಗೆ ಒಂದು ಸಾಲು ಹಾಡಿಯೂ ಬಿಟ್ಟಳು. ಕೆಳಗೆ ಬಿರುಕು ಬಿಟ್ಟಿತ್ತು, ಮೇಲೆ ಹೋದಾಗ ಹಾಗೆಯೇ ಇತ್ತು. ಅಡುಗೆಮನೆಯ ಗಾಜಿನ ಲೋಟಗಳಿಗೂ ಅದು ಇಷ್ಟವಾದಂತಿತ್ತು. ಆರ್ಡಿಸ್ ಎದ್ದಳು.

ಹೊಲಿಗೆ ಯಂತ್ರದ ಡ್ರಾಯರು ಎಳೆದು, ಬಟ್ಟೆಯ ತುಂಡು ಸರಿಸಿ, ಡಬ್ಬ ತಂದು ಆಲೂಗೆಡ್ಡೆಯ ಪಕ್ಕ ಇಟ್ಟಳು. ಹಳೆಯ ಮಾರ್ಲಿಸ್ ಹೊಸ ಮಾರ್ಲಿಸ್‌ಗಿಂತ ವಾಸಿ ಎಂಬುದೊಂದೇ ಆಗ ಅವಳ ತಲೆಯಲ್ಲಿದ್ದದ್ದು.

"ಹಳೇದೇ ಇದೆ," ಎಂದಳು. "ಕೆಟ್ಟಿದೆ. ಈಗಿನ ಯಂತ್ರದಲ್ಲಿ ಏನಾದ್ರೂ ರಿಪೇರಿ ಆಗುತ್ತಾ ನೋಡಿ. ಹೊಸದಾಗಿ ಯಾರೂ ಹಾಡಬೇಕಾಗಿಲ್ಲ."

ಡೀನಾ ಡಬ್ಬದ ಮೇಲೆ 'ಎರಡನೇ ಮಹಡಿ' ಎಂದು ಬರೆದದ್ದನ್ನು ಎರಡು ಸಲ ಓದಿದಳು. ಮಾರ್ಲಿಸ್ ಡಬ್ಬವನ್ನೂ ನೋಡಿದಳು, ಆರ್ಡಿಸ್‌ಳನ್ನೂ ನೋಡಿದಳು.

"ನೀರಲ್ಲಿ ಹೋಗಿತ್ತಲ್ಲ."

"ಹೋಗಿರಲಿಲ್ಲ."

"ಕೆಟ್ಟಿದೆ ಅಂತ ಯಾರು ಹೇಳಿದ್ದು?"

"ನಾನೇ ಹಾಕಿ ಕೇಳಿದೆ. ಬರೀ ನಾಯಿ ನೆಕ್ಕಿದ ಸದ್ದು."

ಮಾರ್ಲಿಸ್ ಮುಚ್ಚಳ ತೆಗೆದಳು. ಸುರುಳಿಯ ಕೊನೆಗೆ ಅಂಟಿಸಿದ್ದ ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟಳು. "ಇದನ್ನ ಸುತ್ತಿಟ್ಟಿದ್ದೇ ನಾನು. ಕೆಂಪು ಪಟ್ಟಿ ಅಂದ್ರೆ ಹಾಡಿನ ಬಾಲ ಹೊರಗಿದೆ ಅಂತ. ಹಾಡಿದ ಮೇಲೆ ಹಿಂದಕ್ಕೆ ಸುತ್ತದೆ ಹಾಗೇ ಇಡ್ತೀವಿ, ಟೇಪು ಚೆನ್ನಾಗಿ ಉಳಿಯುತ್ತೆ. ಕೇಳೋಕೆ ಮುಂಚೆ ಮೊದಲು ಹಿಂದಕ್ಕೆ ಸುತ್ತಬೇಕು. ನೀನು ಬಾಲದಿಂದ ತಲೆಗೆ ಕೇಳಿದೀಯ ಕಣೇ. ರೋಲಿ ಹೇಳಿಕೊಟ್ಟಿರಲಿಲ್ವಾ?"

ಹೇಳಿಕೊಟ್ಟಿರಲಿಲ್ಲ. ಈ ಹೆಂಗಸಿಗೆ ಹೇಳಿಕೊಟ್ಟಿದ್ದ. ಟೇಪು ಕೆಟ್ಟೇ ಇರಲಿಲ್ಲ ಎಂಬುದು ಆರ್ಡಿಸ್‌ಗೆ ಆಮೇಲೆ ತಟ್ಟಿತು. ಮೊದಲು ತಟ್ಟಿದ್ದು ಇದು.

ಡೀನಾ ಸುರುಳಿಯನ್ನು ಬಲಗಡೆಗೆ ಹಾಕಿ ಹಿಂದಕ್ಕೆ ಸುತ್ತಿ, ಗುಂಡಿ ಒತ್ತಿದಳು.

ಗಿಟಾರು ಮೂರು ಸಲ ಹೊಡೆಯಿತು, ಡ್ರಮ್ಮು ಮೆಟ್ಟಿಲು ಇಳಿದು ಬಂದಂತೆ ಬಂತು, ಆಮೇಲೆ ಇಬ್ಬರೂ. ಯಾವುದು ಅವನದು ಯಾವುದು ಅವಳದೆಂದು ಬಿಡಿಸುವಂತಿರಲಿಲ್ಲ. ಇಪ್ಪತ್ತೊಂಬತ್ತರ ರೋಲಿ, ಹೊಳ್ಳೆಯಲ್ಲಿ ಬೂದು ಪುಡಿ ಇರುವ ರೋಲಿ, ಕೊನೆಯ ತಿಂಗಳ ಕೆಮ್ಮು ಇಲ್ಲದ ರೋಲಿ, ಮೇಲಿನ ಕಿಟಕಿಗೆ ಕೇಳಲಿ ಎಂಬಂತೆ ಹಾಡುತ್ತಿದ್ದ. ತನಗೆ ಅವನು ಎಂದೂ ಹೀಗೆ ಹಾಡಿರಲಿಲ್ಲ ಎಂದು ಆರ್ಡಿಸ್‌ಗೆ ಸ್ಪಷ್ಟವಾಯಿತು. ಹಾಡು ಚೆನ್ನಾಗಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು.

ಎರಡನೇ ಚರಣದಲ್ಲಿ ಒಂದು ಸದ್ದು ಬಂತು. ಥಪ್. ಸ್ವಲ್ಪ ಬಿಟ್ಟು ಮತ್ತೆ ಥಪ್, ಮೆತ್ತಗೆ, ಒದ್ದೆ ಬಟ್ಟೆ ಒಗೆದಂತೆ. ಹಾಡಿನ ಕೊನೆಯವರೆಗೂ ಅದು ಬಿಟ್ಟು ಬಿಟ್ಟು ಬೀಳುತ್ತಲೇ ಇತ್ತು.

"ಇದೇನಿದು?" ಡೀನಾ ಕಿವಿ ಹತ್ತಿರ ತಂದಳು.

"ಅದು ನನ್ನ ಅಯಸ್ಕಾಂತ," ಎಂದಳು ಆರ್ಡಿಸ್. "ಸೂಜಿದು. ಡಬ್ಬದ ಕೆಳಗಿತ್ತು." ಆಮೇಲೆ ಉಳಿದದ್ದನ್ನೂ ಹೇಳಿದಳು. ಕದ್ದದ್ದು, ನೀರಿನ ನೆಪ, ಷಿಕಾಗೋದ ಕಾಗದ, ರೋಲಿ ಮೆಟ್ಟಿಲ ಮೇಲೆ ಕೂತದ್ದು. ಹೇಳುವಾಗ ಯಾರ ಮುಖವನ್ನೂ ನೋಡದೆ ಆಲೂಗೆಡ್ಡೆಗಳನ್ನು ನೋಡಿದಳು.

ಮಾರ್ಲಿಸ್ ಖಾಲಿ ಡಬ್ಬದ ಮುಚ್ಚಳ ಮುಚ್ಚಿದಳು. "ನಾನು ಬಸ್ಸು ಓಡಿಸಿದೆ, ಆರ್ಡಿಸ್," ಎಂದಳು. "ಮೂವತ್ತು ವರ್ಷ. ಈ ಹಾಡು ಷಿಕಾಗೋಗೆ ಹೋಗಿದ್ದಿದ್ರೆ."

"ಗೊತ್ತು."

"ಯಾಕೆ ಮಾಡಿದೆ?"

"ನಿನ್ನ ಕೂದಲು ಅವನ ಕಿವಿ ಮೇಲಿತ್ತು," ಎಂದಳು ಆರ್ಡಿಸ್. ನಲವತ್ತಮೂರು ವರ್ಷದ ಪ್ರಶ್ನೆ ಅದರ ಹಿಂದೆಯೇ ಬಂತು. "ಏನಾದ್ರೂ ಇತ್ತಾ ನಿಮ್ಮಿಬ್ಬರಲ್ಲಿ?"

"ಇತ್ತು," ಎಂದಳು ಮಾರ್ಲಿಸ್. "ಈಗ ಕೇಳಿದೆಯಲ್ಲ, ಅಷ್ಟು. ಎರಡು ನಿಮಿಷ ಐವತ್ತು ಸೆಕೆಂಡು. ಮೈಕಿಂದ ಈಚೆ ಬಂದ ತಕ್ಷಣ ಅವನು ಕೇಳಿದ್ದು, ರೋಲು ತರೋಕೆ ಹೋದೋಳು ಬಂದ್ಲಾ ಅಂತ. ಅವನು ನಮ್ಮ ಮೆಟ್ಟಿಲು ಯಾವತ್ತೂ ಹತ್ತಲಿಲ್ಲ. ಹತ್ತಲಿ ಅಂತ ನಾನು ಕಾದಿದ್ದೆ, ಸುಳ್ಳು ಯಾಕೆ ಹೇಳ್ಲಿ."

ಆರ್ಡಿಸ್ ಅದನ್ನು ತೂಗಿ ನೋಡಿದಳು. ಐವತ್ತು ವರ್ಷ ತಕ್ಕಡಿಯ ಒಂದು ತಟ್ಟೆಯಲ್ಲಿ, ಎರಡು ನಿಮಿಷ ಐವತ್ತು ಸೆಕೆಂಡು ಇನ್ನೊಂದರಲ್ಲಿ. ಮೇಲೇಳಬೇಕಾದ ತಟ್ಟೆ ಮೇಲೇಳಲಿಲ್ಲ.

ಡೀನಾ ಮೆಲ್ಲಗೆ ಕೆಮ್ಮಿದಳು. "ಆ ಥಪ್ ಸದ್ದು ತೊಳೆದು ತೆಗೀಬಹುದು. ಕಷ್ಟವೇನಲ್ಲ. ಗೊತ್ತೇ ಆಗಲ್ಲ."

"ತೆಗೀರಿ," ಎಂದಳು ಮಾರ್ಲಿಸ್.

"ತೆಗೀಬೇಡಿ," ಎಂದಳು ಆರ್ಡಿಸ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಟೇಪು ಕೊಡ್ತೀನಿ. ಹಾಡಿದೋರು ರೋಲಿ, ಮಾರ್ಲಿಸ್ ಅಂತ ಇಬ್ಬರ ಹೆಸರೂ ಹಾಕಿ, ದೊಡ್ಡದಾಗೇ ಹಾಕಿ. ಆದ್ರೆ ಆ ಥಪ್ ಇರಬೇಕು," ಎಂದಳು ಆರ್ಡಿಸ್. "ತೆಗೆಯೋ ಹಾಗಿದ್ರೆ ಡಬ್ಬ ಡ್ರಾಯರಿಗೆ ಹೋಗುತ್ತೆ."

ಡೀನಾ ಮಾರ್ಲಿಸ್‌ಳ ಕಡೆ ನೋಡಿದಳು. ಮಾರ್ಲಿಸ್ ಯಂತ್ರದ ಕಡೆ ಬಾಗಿ, "ಇನ್ನೊಂದು ಸಲ ಹಾಕಿ," ಎಂದಳು. ಎರಡನೇ ಚರಣ ಬರುವ ತನಕ ಕಣ್ಣು ಮುಚ್ಚಿ ಕೇಳಿದಳು. ಥಪ್. ಅವಳ ಬಾಯಿಯ ಒಂದು ಮೂಲೆ ಓರೆಯಾಯಿತು.

"ಇಲ್ಲೂ ನಿನ್ನ ಕೈ ತಡವಾಗೇ ಬೀಳ್ತಿದೆ ಕಣೇ."

"ಬೀಳಲಿ," ಎಂದಳು ಆರ್ಡಿಸ್.

"ಇರಲಿ ಬಿಡಿ ಡೀನಾ," ಎಂದಳು ಮಾರ್ಲಿಸ್. ಆರ್ಡಿಸ್‌ಳನ್ನು ಕ್ಷಮಿಸಿದಂತೇನೂ ಅವಳ ಮುಖ ಇರಲಿಲ್ಲ. ಡ್ರಾಯರಿನ ಕಡೆಯೇ ನೋಡುತ್ತ ಹೇಳಿದಳು.

ಡೀನಾ ಯಂತ್ರವನ್ನು ಕಾರಿನಲ್ಲಿಡಲು ಹೋದಳು. ಟೇಪಿನ ಡಬ್ಬ ಅವಳ ಕಂಕುಳಲ್ಲಿತ್ತು. ಮಾರ್ಲಿಸ್ ಎದ್ದು ಚಾಕು ಹುಡುಕಿ, ಕೇಳದೆಯೇ ಒಂದು ಆಲೂಗೆಡ್ಡೆ ತೆಗೆದುಕೊಂಡು ಸಿಪ್ಪೆ ಹೆರೆಯತೊಡಗಿದಳು. ಗುನುಗುತ್ತಲೂ ಇದ್ದಳು, ತನ್ನ ಭಾಗವನ್ನು, ಅವನ ದನಿಗೆ ಜಾಗ ಬಿಟ್ಟು.

"ಸಿಪ್ಪೆ ದಪ್ಪ ತೆಗೀತಿದೀಯ," ಎಂದಳು ಆರ್ಡಿಸ್. "ಗುನುಗೋದು ನಿಲ್ಲಿಸಿ ಕೈ ನೋಡ್ಕೋ."

ಮಾರ್ಲಿಸ್ ನಿಲ್ಲಿಸಿದಳು. ಆರ್ಡಿಸ್ ತುರಿಯುವ ಮಣೆಯನ್ನು ಬೋಗುಣಿಗೆ ಅಡ್ಡ ಹಾಕಿ ಆಲೂಗೆಡ್ಡೆ ಉಜ್ಜಿದಳು. ಅರ್ಧವಾದ ಮೇಲೆ ಒಂದು ಈರುಳ್ಳಿ ತುರಿದಳು, ಎರಡನ್ನೂ ಬಟ್ಟೆಗೆ ಸುರಿದು ಗಂಟು ಕಟ್ಟಿ, ಸಿಂಕಿನ ಮೇಲೆ ಹಿಡಿದು, ನೀರೆಲ್ಲ ಇಳಿಯುವ ತನಕ ಹಿಂಡಿದಳು.